ಆಟದ ಎದುರಾಳಿ, ಪಕ್ಕದ ಗೆಳೆಯ
ಭಾರತ–ಪಾಕಿಸ್ತಾನ ಕ್ರಿಕೆಟ್ಟಿನ ಕಥೆ

(ಮೈಸೂರಿನಲ್ಲಿ ಮಿಲ್ಲು ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)

ತುಟ್ಟಿಭತ್ಯ, ಬೋನಸ್ಸು, ಅಂಗಡಿ ಬಾಡಿಗೆ ಇವನ್ನೆಲ್ಲ ಬಿಟ್ಟು ಇಂದು ಕ್ರಿಕೆಟ್ ಆಟದ ವಿಚಾರ ಮಾತನಾಡುತ್ತೇವೆಂದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. ನಗಬಹುದಾದ್ದೇ. ಆದರೆ ಭಾರತ–ಪಾಕಿಸ್ತಾನದ ಪಂದ್ಯವಿರುವ ದಿನ ನಮ್ಮ ಊರು ಹೇಗಿರುತ್ತದೆಂಬುದನ್ನು ಸ್ವಲ್ಪ ನೆನೆಯಿರಿ. ಎರಡನೆಯ ಪಾಳಿಯವರು ಮೊದಲನೆಯ ಪಾಳಿಯವರೊಡನೆ ಅದಲು ಬದಲು ಮಾಡಿಕೊಳ್ಳಲು ಓಡಾಡುತ್ತಾರೆ. ಟಿ.ವಿ. ಇರುವ ಅಂಗಡಿಯ ಮುಂದೆ ಜನ ಮುತ್ತಿಕೊಂಡರೆ, ಇಲ್ಲದ ಅಂಗಡಿಯವನು ಗಲ್ಲಾಪೆಟ್ಟಿಗೆಯ ಮುಂದೆ ನೊಣ ಹೊಡೆಯುತ್ತಾನೆ. ಇಷ್ಟೇ ಆಗಿದ್ದರೆ ಅದೊಂದು ಹಬ್ಬವೆಂದು ಸುಮ್ಮನಿರಬಹುದಿತ್ತು. ಆದರೆ ಅದೇ ದಿನ ಇನ್ನೊಂದು ಸಂಗತಿಯೂ ನಡೆಯುತ್ತದೆ. ಹತ್ತು ವರ್ಷದಿಂದ ಒಂದೇ ಬುತ್ತಿಯಲ್ಲಿ ಉಂಡ ಮುಸಲ್ಮಾನ ಗೆಳೆಯ ಯಾವ ವಿಕೆಟ್ಟು ಬಿದ್ದಾಗ ಚಪ್ಪಾಳೆ ತಟ್ಟಿದನೆಂದು ಕೆಲವರು ಓರೆಗಣ್ಣಿನಿಂದ ನೋಡುತ್ತಾರೆ. ಅವನೂ ಅದನ್ನು ಬಲ್ಲ. ಆದುದರಿಂದ ಎಲ್ಲರಿಗಿಂತ ಜೋರಾಗಿ ಕೂಗುತ್ತಾನೆ, ಇಲ್ಲವೇ ತಲೆನೋವೆಂದು ಮನೆಗೆ ಹೋಗುತ್ತಾನೆ.

ಈ ಹಗೆ ಎಲ್ಲಿಂದ ಬಂತು? ಆಟದಿಂದ ಬಂತೆ? ಆಟಗಾರರಿಂದ ಬಂತೆ? ಜನರಿಂದ ಬಂತೆ? ಅಥವಾ ಬೇರೆ ಯಾರೋ ತಂದು ನಮ್ಮ ತಲೆಯ ಮೇಲೆ ಹೊರಿಸಿದರೆ? ಇದನ್ನು ತಿಳಿಯಲು ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟ ಈ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಅಗತ್ಯ.

ಮತದ ತಂಡ, ನಾಡಿನ ತಂಡ

ಗಡಿ ಬೀಳುವುದಕ್ಕೆ ಮುಂಚೆ ಬೊಂಬಾಯಿಯಲ್ಲಿ ಒಂದು ದೊಡ್ಡ ಪಂದ್ಯಾವಳಿ ನಡೆಯುತ್ತಿತ್ತು. ಅದರಲ್ಲಿ ತಂಡಗಳ ಹೆಸರೇನು ಗೊತ್ತೆ? ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು, ಯೂರೋಪಿಯನ್ನರು, ‘ಇತರರು’. ಜನರನ್ನು ಮತದಿಂದ ಎಣಿಸಿ ಮೈದಾನಕ್ಕೆ ಬಿಡುತ್ತಿದ್ದರು. 1940ರಲ್ಲಿ ಗಾಂಧೀಜಿಯವರು ಇದು ತರವಲ್ಲವೆಂದರು. 1946ರಲ್ಲಿ ಆ ಪಂದ್ಯಾವಳಿ ಕೊನೆಗೊಂಡಿತು. ಅದೇ ಕಾಲದಲ್ಲಿ ಇನ್ನೊಂದು ಪದ್ಧತಿಯೂ ಬೆಳೆಯುತ್ತಿತ್ತು. 1934ರ ನವೆಂಬರ್ 4ರಂದು ಮದ್ರಾಸಿನಲ್ಲಿ ರಣಜಿ ಪಂದ್ಯಗಳು ಆರಂಭವಾದವು. ಮೊಟ್ಟಮೊದಲು ಎದುರಾದವರು ಮದ್ರಾಸಿನವರು ಮತ್ತು ನಮ್ಮ ಮೈಸೂರಿನವರು. ಆಟ ಒಂದೇ ದಿನದಲ್ಲಿ ಮುಗಿದುಹೋಯಿತು, ಗೆಲುವು ಮದ್ರಾಸಿಗೆ. ಸೋತರೇನಂತೆ? ಅಲ್ಲಿ ಮೈಸೂರು ಎಂದರೆ ಒಂದು ನಾಡು, ಅಲ್ಲಿ ಇದ್ದವರೆಲ್ಲ ಅದರವರು. ಮತದಿಂದ ಎಣಿಸುವುದೊಂದು ದಾರಿ, ಊರಿನಿಂದ ಎಣಿಸುವುದೊಂದು ದಾರಿ. ಈ ಎರಡು ದಾರಿಗಳ ಜಗಳವೇ ಮುಂದಿನ ಕಥೆಯೆಲ್ಲ.

ಒಂದೇ ಮನೆಯವರ ಆಟ

1947ರಲ್ಲಿ ದೇಶ ಒಡೆಯಿತು. ಆಟಗಾರರನ್ನೂ ಒಡೆಯಿತು. ಆ ವರ್ಷ ಆಸ್ಟ್ರೇಲಿಯಾಕ್ಕೆ ಹೋಗಬೇಕಾದ ಭಾರತ ತಂಡಕ್ಕೆ ಲಾಹೋರಿನ ವೇಗದ ಬೌಲರ್ ಫಜಲ್ ಮಹಮೂದ್ ಆಯ್ಕೆಯಾಗಿದ್ದರು. ಪುಣೆಯ ಶಿಬಿರ ಮುಗಿಸಿ ರೈಲಿನಲ್ಲಿ ಬೊಂಬಾಯಿಗೆ ಬರುವಾಗ ಕೆಲವರು ಅವರ ಮೇಲೆ ಏರಿಬಂದರೆಂದೂ, ಹಿರಿಯ ಆಟಗಾರ ಸಿ.ಕೆ. ನಾಯುಡು ಬ್ಯಾಟು ಹಿಡಿದು ಅಡ್ಡ ನಿಂತು ಕಾಪಾಡಿದರೆಂದೂ ಫಜಲರೇ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಫಜಲ್ ಆಸ್ಟ್ರೇಲಿಯಾಕ್ಕೆ ಹೋಗಲಿಲ್ಲ. ಪಾಕಿಸ್ತಾನದವರಾದರು.

ಐದು ವರ್ಷದ ಅನಂತರ, 1952ರ ಅಕ್ಟೋಬರಿನಲ್ಲಿ, ಎರಡು ದೇಶಗಳು ದೆಹಲಿಯಲ್ಲಿ ಮೊದಲ ಟೆಸ್ಟ್ ಆಡಿದವು. ಅದು ಪಾಕಿಸ್ತಾನದ ಮೊಟ್ಟಮೊದಲ ಟೆಸ್ಟ್. ಅವರ ನಾಯಕ ಅಬ್ದುಲ್ ಹಫೀಜ್ ಕಾರ್ದಾರ್ 1946ರಲ್ಲಿ ಭಾರತದ ಪರವಾಗಿ ಇಂಗ್ಲೆಂಡಿನಲ್ಲಿ ಆಡಿದವರು. ಅವರ ತಂಡದ ಅಮೀರ್ ಇಲಾಹಿಯೂ ಭಾರತದ ಪರ ಟೆಸ್ಟ್ ಆಡಿದವರೇ. ನಮ್ಮ ನಾಯಕ ಲಾಲಾ ಅಮರನಾಥರಾದರೋ ಲಾಹೋರಿನಲ್ಲಿ ಬೆಳೆದವರು. ಹಾಗಾದರೆ ಅಲ್ಲಿ ಶತ್ರು ಯಾರು? ಒಂದೇ ಅಂಗಳದಲ್ಲಿ ಆಡಿದ ಹುಡುಗರು ಬೇರೆ ಬೇರೆ ಟೋಪಿ ಹಾಕಿಕೊಂಡು ಬಂದಿದ್ದರು, ಅಷ್ಟೆ.

ದೆಹಲಿಯಲ್ಲಿ ವಿನೂ ಮಂಕಡ್ 131 ರನ್ನಿಗೆ 13 ವಿಕೆಟ್ಟು ತೆಗೆದರು. ನಾವು ಒಂದು ಇನ್ನಿಂಗ್ಸ್ ಮತ್ತು 70 ರನ್ನಿನಿಂದ ಗೆದ್ದೆವು. ಒಂದು ವಾರ ಕಳೆಯುವುದರೊಳಗೆ ಲಖನೌದಲ್ಲಿ ಎರಡನೆಯ ಟೆಸ್ಟ್. ರೈಲಿನಲ್ಲಿ ಜೀವ ಉಳಿಸಿಕೊಂಡ ಅದೇ ಫಜಲ್ ಮಹಮೂದ್ ಅಲ್ಲಿ 12 ವಿಕೆಟ್ಟು ಉರುಳಿಸಿ ನಮ್ಮನ್ನು ಇನ್ನಿಂಗ್ಸಿನಿಂದ ಸೋಲಿಸಿದರು. ಬೊಂಬಾಯಿಯಲ್ಲಿ ಮತ್ತೆ ಗೆದ್ದು ಭಾರತ ಸರಣಿಯನ್ನು 2–1ರಿಂದ ತನ್ನದಾಗಿಸಿಕೊಂಡಿತು.

ಸೋಲಿನ ಭಯ

ಮುಂದೆ ನಡೆದದ್ದು ವಿಚಿತ್ರ. 1954–55ರಲ್ಲಿ ಪಾಕಿಸ್ತಾನದಲ್ಲಿ ಐದು ಟೆಸ್ಟ್, ಐದೂ ಡ್ರಾ. 1960–61ರಲ್ಲಿ ಇಲ್ಲಿ ಐದು ಟೆಸ್ಟ್, ಐದೂ ಡ್ರಾ. ಆಟಗಾರರಿಗೆ ಆಡಲು ಬಾರದೆ ಹೀಗಾಯಿತೆ? ಇಲ್ಲ. ಗೆಲ್ಲುವ ಆಸೆಗಿಂತ ಸೋತು ಊರಿಗೆ ಮರಳುವ ಭಯ ದೊಡ್ಡದಾಗಿತ್ತು. ಎರಡು ಸರ್ಕಾರಗಳ ಮಾನವನ್ನು ಹನ್ನೊಂದು ಹನ್ನೊಂದು ಹುಡುಗರ ಹೆಗಲ ಮೇಲೆ ಹೇರಿದರೆ ಅವರು ಧೈರ್ಯವಾಗಿ ಬ್ಯಾಟು ಬೀಸುವುದು ಹೇಗೆ?

ಆದರೆ ಜನ ಏನು ಮಾಡಿದರು ನೋಡಿ. 1955ರ ಲಾಹೋರ್ ಟೆಸ್ಟಿಗೆ ಗಡಿ ತೆರೆದಾಗ ಅಮೃತಸರದ ಕಡೆಯಿಂದ ಸಾವಿರಾರು ಮಂದಿ ದಾಟಿಹೋದರು. ಎಂಟು ವರ್ಷದ ಹಿಂದೆ ಹೆಣಗಳ ರೈಲು ಓಡಿದ ಹಾದಿ ಅದು. ಅದೇ ಹಾದಿಯಲ್ಲಿ ಈಗ ಸಿಖ್ಖರೂ ಹಿಂದೂಗಳೂ ಆಟ ನೋಡಲು ಹೋದರು, ನೋಡಿ ಕ್ಷೇಮವಾಗಿ ಹಿಂತಿರುಗಿದರು.

ಇನ್ನು ಹಗೆಯ ಸುಂಕ ತೆತ್ತವರ ವಿಚಾರ. ಹೈದರಾಬಾದಿನ ಅಬ್ಬಾಸ್ ಅಲಿ ಬೇಗ್ 1959ರಲ್ಲಿ ತಮ್ಮ ಮೊದಲ ಟೆಸ್ಟಿನಲ್ಲೇ ಇಂಗ್ಲೆಂಡಿನ ನೆಲದಲ್ಲಿ ಶತಕ ಬಾರಿಸಿ ಬಂದ ತರುಣ. 1960–61ರಲ್ಲಿ ಪಾಕಿಸ್ತಾನದ ಎದುರು ಅವರ ಬ್ಯಾಟು ನಡೆಯಲಿಲ್ಲ. ಬ್ಯಾಟು ನಡೆಯದಿರುವುದು ಯಾವ ಆಟಗಾರನಿಗೆ ತಪ್ಪಿದೆ? ಆದರೆ ಅವರು ಮುಸಲ್ಮಾನರಾದ್ದರಿಂದ ಬೇಕೆಂದೇ ಔಟಾದರೆಂದು ಬೈದು ಕಾಗದಗಳು ಬಂದವು. ಸರಣಿಯ ನಡುವೆಯೇ ಅವರು ತಂಡದ ಹೊರಗಾದರು. ಮತ್ತೆ ಟೆಸ್ಟ್ ಆಡಲು 1966ರ ಕೊನೆಯವರೆಗೆ ಕಾಯಬೇಕಾಯಿತು. ಬೊಂಬಾಯಿಯ ಮತದ ಪಂದ್ಯಾವಳಿ ಸತ್ತಿತೆಂದು ನಾವು ತಿಳಿದಿದ್ದೆವು. ಅದು ಸತ್ತಿರಲಿಲ್ಲ, ಜನರ ನಾಲಗೆಯ ಮೇಲೆ ಬದುಕಿತ್ತು.

ಮೈಸೂರಿನ ಕೈಗಳು

1965ರಲ್ಲಿ ಯುದ್ಧ, 1971ರಲ್ಲಿ ಯುದ್ಧ. ಹದಿನೇಳು ವರ್ಷ ಎರಡು ದೇಶಗಳ ನಡುವೆ ಒಂದು ಟೆಸ್ಟೂ ಇಲ್ಲ. 1978ರಲ್ಲಿ ಬಿಷನ್ ಸಿಂಗ್ ಬೇಡಿಯ ತಂಡ ಪಾಕಿಸ್ತಾನಕ್ಕೆ ಹೋಯಿತು. ಆ ತಂಡದಲ್ಲಿ ನಮ್ಮ ಊರಿನ ಋಣವಿರುವ ಇಬ್ಬರಿದ್ದರು. ಒಬ್ಬರು ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್, ಪೋಲಿಯೋದಿಂದ ಸೊರಗಿದ ತೋಳನ್ನೇ ಆಯುಧ ಮಾಡಿಕೊಂಡವರು. ಇನ್ನೊಬ್ಬರು ಇಲ್ಲಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗಿನಲ್ಲಿ ಓದಿದ ಎರಪಳ್ಳಿ ಪ್ರಸನ್ನ. ವಿಕೆಟ್ಟಿನ ಹಿಂದೆ ಬೆಂಗಳೂರಿನ ಸೈಯದ್ ಕಿರ್ಮಾನಿ. ಫೈಸಲಾಬಾದಿನಲ್ಲಿ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 145 ರನ್ನು ಹೊಡೆದರು. ಆದರೆ ಜಹೀರ್ ಅಬ್ಬಾಸರ ಬ್ಯಾಟಿನ ಮುಂದೆ ನಮ್ಮ ಸ್ಪಿನ್ನರುಗಳ ಆಟ ನಡೆಯಲಿಲ್ಲ. ಲಾಹೋರ್, ಕರಾಚಿ ಎರಡರಲ್ಲೂ ಸೋತೆವು. ಆ ಲಾಹೋರ್ ಟೆಸ್ಟೇ ಪ್ರಸನ್ನರ ಕೊನೆಯ ಟೆಸ್ಟ್. ಒಂದು ದೊಡ್ಡ ಕಾಲ ಅಲ್ಲಿಗೆ ಮುಗಿಯಿತು.

ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಈ ಎರಡು ದೇಶಗಳು ಐದು ಟೆಸ್ಟ್ ಆಡಿವೆ. ಅವುಗಳಲ್ಲಿ ಮರೆಯಲಾಗದ್ದು 1987ರ ಮಾರ್ಚಿನದು. ಚೆಂಡು ಬುಗುರಿಯಂತೆ ತಿರುಗುವ ನೆಲ. ಮೊದಲ ದಿನ ಪಾಕಿಸ್ತಾನ 116ಕ್ಕೆ ಮುಗಿಯಿತು, ಮಣಿಂದರ್ ಸಿಂಗ್‌ಗೆ 7 ವಿಕೆಟ್ಟು. ಕೊನೆಗೆ ನಮಗೆ ಗೆಲ್ಲಲು 221 ಬೇಕಾಯಿತು. ಸುನಿಲ್ ಗವಾಸ್ಕರ್ ತಮ್ಮ ಕೊನೆಯ ಟೆಸ್ಟ್ ಇನ್ನಿಂಗ್ಸಿನಲ್ಲಿ 96 ಹೊಡೆದು ಔಟಾದರು. ಹದಿನಾರು ರನ್ನಿನಿಂದ ಸೋತೆವು. ಭಾರತದಲ್ಲಿ ಪಾಕಿಸ್ತಾನ ಗೆದ್ದ ಮೊದಲ ಸರಣಿ ಅದು. ಸೋತದ್ದು ನಿಜ. ಆದರೆ ಆ 96ನ್ನು ಕಂಡವರು, ರೇಡಿಯೋದಲ್ಲಿ ಕೇಳಿದವರು, ಇಂದಿಗೂ ಅದನ್ನು ಹೇಳುವಾಗ ಸೋಲನ್ನು ಮರೆತು ಆಟವನ್ನೇ ಹೇಳುತ್ತಾರೆ.

ಅದೇ ಮೈದಾನದಲ್ಲಿ 1996ರ ಮಾರ್ಚ್ 9ರಂದು ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಆಮಿರ್ ಸೊಹೇಲ್ ಬೌಂಡರಿ ಹೊಡೆದು ಬ್ಯಾಟು ತೋರಿಸಿದ್ದು, ಮರುಚೆಂಡಿಗೇ ವೆಂಕಟೇಶ್ ಪ್ರಸಾದ್ ಅವರ ಸ್ಟಂಪು ಹಾರಿಸಿದ್ದು ನಿಮಗೆಲ್ಲ ಬಾಯಿಪಾಠ. ಆದರೆ ಗಾಯದಿಂದಾಗಿ ಆ ದಿನ ಆಡದಿದ್ದ ಅವರ ನಾಯಕ ವಾಸಿಂ ಅಕ್ರಂ ಬೇಕೆಂದೇ ತಪ್ಪಿಸಿಕೊಂಡರೆಂದು ಅವರ ದೇಶದಲ್ಲೇ ದೂರಿ ಬೆದರಿಕೆ ಹಾಕಿದರೆಂಬುದು ಎಷ್ಟು ಮಂದಿಗೆ ನೆನಪಿದೆ? ಇಲ್ಲಿ ಬೇಗ್, ಅಲ್ಲಿ ಅಕ್ರಂ. ಹಗೆ ಎಂಬುದು ಕೊನೆಗೆ ಸ್ವಂತ ಮನೆಯವರನ್ನೇ ಕಚ್ಚುತ್ತದೆ.

1999: ಮೂರು ಊರು, ಒಬ್ಬ ಹುಡುಗ

ಈಗ 1999ಕ್ಕೆ ಬರೋಣ. ಜನರ ಗುಣವನ್ನು ಅರಿಯಲು ಆ ಒಂದು ವರ್ಷ ಸಾಕು. ಪಾಕಿಸ್ತಾನ ಬರಬಾರದೆಂದು ಕೆಲವರು ಆ ಜನವರಿಯಲ್ಲಿ ದೆಹಲಿಯ ಮೈದಾನಕ್ಕೆ ನುಗ್ಗಿ ಪಿಚ್ಚನ್ನು ಅಗೆದರು. 1991ರಲ್ಲಿ ಬೊಂಬಾಯಿಯಲ್ಲೂ ಹೀಗೆಯೇ ಮಾಡಿದ್ದರು. ದೆಹಲಿಯ ಟೆಸ್ಟನ್ನು ಹಿಂದಕ್ಕೆ ಹಾಕಿ ಮೊದಲು ಚೆನ್ನೈಯಲ್ಲಿ ಆಡಿಸಿದರು.

ಚೆನ್ನೈಯಲ್ಲಿ ಗೆಲ್ಲಲು ನಮಗೆ 271 ಬೇಕು. ಬೆನ್ನುನೋವಿನಲ್ಲೇ ಸಚಿನ್ ತೆಂಡೂಲ್ಕರ್ 136 ಹೊಡೆದರು. ಅವರು ಔಟಾದ ಮೇಲೆ ಸಾಲು ಕುಸಿಯಿತು. ಕೊನೆಯವರಾಗಿ ಸಕ್ಲೇನ್ ಮುಷ್ತಾಕರ ಚೆಂಡಿಗೆ ಬೌಲ್ಡ್ ಆದವರು ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್, ಮರಿಮಲ್ಲಪ್ಪ ಶಾಲೆಯಲ್ಲಿ ಓದಿದ ಹುಡುಗ. ಹನ್ನೆರಡು ರನ್ನಿನ ಸೋಲು. ಮೈದಾನ ಒಂದು ಗಳಿಗೆ ಮೌನವಾಯಿತು. ಅನಂತರ ಏನಾಯಿತು? ಸಾವಿರಾರು ಜನ ಎದ್ದು ನಿಂತು ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ಆ ಆಟಗಾರರು ಮೈದಾನವನ್ನು ಒಂದು ಸುತ್ತು ಹಾಕಿ ಗೌರವ ಸ್ವೀಕರಿಸಿದರು. ಪಿಚ್ಚು ಅಗೆದವರು ‘ಜನರ ಪರವಾಗಿ’ ಅಗೆದೆವೆಂದಿದ್ದರು. ಅವರಿಗೆ ಜನ ಕೊಟ್ಟ ಉತ್ತರ ಇದು.

ಮುಂದಿನ ವಾರ ದೆಹಲಿಯಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆ ಒಂದೇ ಇನ್ನಿಂಗ್ಸಿನಲ್ಲಿ 74 ರನ್ನಿಗೆ ಹತ್ತಕ್ಕೆ ಹತ್ತೂ ವಿಕೆಟ್ಟು ತೆಗೆದರು. ಒಂಬತ್ತು ಬಿದ್ದಾಗ ಇನ್ನೊಂದು ತುದಿಯಲ್ಲಿ ಚೆಂಡು ಎಸೆಯುತ್ತಿದ್ದವರು ಶ್ರೀನಾಥ್. ಹತ್ತನೆಯದು ಗೆಳೆಯನಿಗೇ ಸಿಗಲೆಂದು ಅವರು ಚೆಂಡನ್ನು ಸ್ಟಂಪಿನಿಂದ ದೂರಕ್ಕೆ ಹಾಕಿದರು. ಹೆಸರು ತನಗೆ ಬರಲೆಂದು ತಳ್ಳಾಡುವ ಈ ಕಾಲದಲ್ಲಿ ಪಾಳಿಯ ಕೆಲಸಗಾರರಾದ ನಮಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ಫೆಬ್ರವರಿಯಲ್ಲಿ ಕಲ್ಕತ್ತೆ. ಮೊದಲ ಬೆಳಗ್ಗೆ ಪಾಕಿಸ್ತಾನ 26ಕ್ಕೆ 6. ಶ್ರೀನಾಥ್ ಎರಡು ಇನ್ನಿಂಗ್ಸಿನಿಂದ 132 ರನ್ನಿಗೆ 13 ವಿಕೆಟ್ಟು ತೆಗೆದರು. ಮಂಕಡರ 13ಕ್ಕೆ ಸಮವಾದ ಸಾಧನೆ. ಆದರೆ ತೆಂಡೂಲ್ಕರ್ ಓಡುವಾಗ ಶೋಯಬ್ ಅಖ್ತರ್‌ಗೆ ತಾಗಿ ರನ್ ಔಟಾದಾಗ ಜನ ರೇಗಿದರು. ಬಾಟಲಿಗಳು ಬಿದ್ದವು. ಕೊನೆಯ ದಿನ ಪೊಲೀಸರು ಇಡೀ ಮೈದಾನವನ್ನು ಖಾಲಿ ಮಾಡಿಸಿದರು. ಭಾರತ 46 ರನ್ನಿನಿಂದ ಸೋತದ್ದನ್ನು ಕಂಡವು ಬರಿಯ ಕುರ್ಚಿಗಳು. ಮೈಸೂರಿನ ಹುಡುಗನ ಜೀವಮಾನದ ಸಾಧನೆಗೆ ಕೊನೆಯಲ್ಲಿ ಚಪ್ಪಾಳೆ ತಟ್ಟಲು ಅಲ್ಲಿ ಜನವೇ ಇರಲಿಲ್ಲ! ಚೆನ್ನೈಯ ಜನ ಸೋತರೂ ತುಂಬಿಕೊಂಡು ಮನೆಗೆ ಹೋದರು. ಕಲ್ಕತ್ತೆಯಲ್ಲಿ ಸಿಟ್ಟಾದವರು ತಮ್ಮವನನ್ನೂ ಕಳೆದುಕೊಂಡರು. ಎರಡೂ ನಮ್ಮ ಜನರೇ. ಯಾವ ದಾರಿ ಹಿಡಿಯಬೇಕೆಂಬುದು ಜನರ ಕೈಯಲ್ಲೇ ಇದೆ.

ಆ ವರ್ಷದ ಜೂನ್ 8ರಂದು, ಕಾರ್ಗಿಲ್ಲಿನಲ್ಲಿ ಗುಂಡು ಹಾರುತ್ತಿರುವಾಗಲೇ, ಮ್ಯಾಂಚೆಸ್ಟರಿನಲ್ಲಿ ವಿಶ್ವಕಪ್ಪಿನ ಪಂದ್ಯ ನಡೆಯಿತು. ಪ್ರಸಾದ್ ಐದು ವಿಕೆಟ್ಟು ತೆಗೆದರು, ಶ್ರೀನಾಥ್ ಮೂರು. ಭಾರತ ಗೆದ್ದಿತು. ಆದರೆ ಪಂದ್ಯ ಗೆದ್ದದ್ದರಿಂದ ಬೆಟ್ಟದ ಮೇಲಿದ್ದ ಒಬ್ಬ ಸಿಪಾಯಿಯ ಜೀವವೂ ಉಳಿಯಲಿಲ್ಲ. ಆಟ ಯುದ್ಧವಲ್ಲ. ಯುದ್ಧವನ್ನು ಆಟವೆಂದುಕೊಂಡವರು ರೈತರ, ಕೂಲಿಗಳ ಮಕ್ಕಳನ್ನು ಬೆಟ್ಟಕ್ಕೆ ಕಳುಹಿಸಿ ತಾವು ಟಿ.ವಿ. ನೋಡುತ್ತಾರೆ.

ಲಾಹೋರಿನ ಅಂಗಡಿಯವರು

2004ರಲ್ಲಿ ಮತ್ತೆ ಬಾಗಿಲು ತೆರೆಯಿತು. ಭಾರತ ಪಾಕಿಸ್ತಾನಕ್ಕೆ ಹೋಯಿತು. ಸಾವಿರಾರು ಮಂದಿಗೆ ವೀಸಾ ಸಿಕ್ಕಿತು. ಮುಲ್ತಾನಿನಲ್ಲಿ ವೀರೇಂದ್ರ ಸೆಹ್ವಾಗ್ 309, ನಾಯಕತ್ವ ನಮ್ಮ ರಾಹುಲ್ ದ್ರಾವಿಡರದು. ಪಾಕಿಸ್ತಾನದ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. ರಾವಲ್ಪಿಂಡಿಯಲ್ಲಿ ದ್ರಾವಿಡ್ 270 ಹೊಡೆದು ಸರಣಿಯನ್ನೇ ಗೆಲ್ಲಿಸಿದರು. ವ್ಯಾಪಾರಿ ಮಿತ್ರರು ಕೇಳಬೇಕಾದ ಸಂಗತಿ ಇನ್ನೊಂದಿದೆ. ಭಾರತದಿಂದ ಬಂದವರೆಂದು ತಿಳಿದರೆ ಲಾಹೋರಿನ ಅಂಗಡಿಯವರೂ ಹೋಟೆಲಿನವರೂ ಹಣ ಮುಟ್ಟುತ್ತಿರಲಿಲ್ಲವೆಂದು ಹೋಗಿಬಂದವರು ಹೇಳಿದರು, ಬರೆದರು. ಮರುವರ್ಷ ಮೊಹಾಲಿ ಟೆಸ್ಟಿಗೆ ಅವರು ಬಂದಾಗ ಚಂಡೀಗಢದವರು ತಮ್ಮ ಮನೆಗಳಲ್ಲೇ ಇಳಿಸಿಕೊಂಡರು. ದಿನದ ಗಲ್ಲಾ ಎಷ್ಟು ಕಷ್ಟದ್ದೆಂದು ನೀವು ಬಲ್ಲಿರಿ. ಅದನ್ನು ಬಿಟ್ಟುಕೊಟ್ಟವನ ಪ್ರೀತಿ ಬಾಯಿಮಾತಿನದಲ್ಲ.

ಆ ಒಳ್ಳೆಯ ಕಾಲದ ಕೊನೆಯ ಟೆಸ್ಟ್ ನಡೆದದ್ದು 2007ರ ಡಿಸೆಂಬರ್ 8ರಿಂದ 12ರವರೆಗೆ, ನಮ್ಮ ಬೆಂಗಳೂರಿನಲ್ಲಿ, ಕುಂಬ್ಳೆಯ ನಾಯಕತ್ವದಲ್ಲಿ. ಸೌರವ್ ಗಂಗೂಲಿ 239. ಪಂದ್ಯ ಡ್ರಾ, ಸರಣಿ ನಮಗೆ. ಅದರ ಅನಂತರ ಈ ಎರಡು ದೇಶಗಳು ಒಂದು ಟೆಸ್ಟೂ ಆಡಿಲ್ಲ. ಒಟ್ಟು 59 ಟೆಸ್ಟ್: ಅವರ ಗೆಲುವು 12, ನಮ್ಮದು 9, ಉಳಿದ 38 ಡ್ರಾ.

2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿಯಾಯಿತು. ಸತ್ತವರಲ್ಲಿ ರೈಲು ನಿಲ್ದಾಣದಲ್ಲಿ ಕಾಯುತ್ತಿದ್ದ ನಮ್ಮಂಥ ಬಡವರೂ ಇದ್ದರು. ಅದನ್ನು ಮರೆತು ಆಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಕೊಲೆಗಡುಕರಿಗೂ ಅವರನ್ನು ಸಾಕಿದವರಿಗೂ ಕ್ಷಮೆಯಿಲ್ಲ. ಅದೇ 2008ರ ಬೇಸಿಗೆಯಲ್ಲಿ ಮಿಸ್ಬಾ ಉಲ್ ಹಕ್ ಬೆಂಗಳೂರಿನ ಅಂಗಿ ತೊಟ್ಟು ಐ.ಪಿ.ಎಲ್. ಆಡಿದ್ದರು. ಆ ಮೇಲೆ ಪಾಕಿಸ್ತಾನದ ಆಟಗಾರರಿಗೆ ಅಲ್ಲಿ ಜಾಗವಿಲ್ಲವಾಯಿತು. 2012ರ ಡಿಸೆಂಬರಿನಿಂದ 2013ರ ಜನವರಿಯವರೆಗೆ ಒಂದು ಸಣ್ಣ ಸರಣಿ ನಡೆಯಿತು, ಅದೂ ಬೆಂಗಳೂರಿನಿಂದಲೇ ಆರಂಭ. ಅಲ್ಲಿಗೆ ಪರಸ್ಪರ ಸರಣಿಗಳು ನಿಂತವು.

ಲಾಭ ಯಾರಿಗೆ?

ಸರಣಿಗಳು ನಿಂತವು, ಆದರೆ ಪಂದ್ಯ ನಿಂತಿತೆ? ಇಲ್ಲಿಯೇ ನಾವು ಕಣ್ಣು ತೆರೆದು ನೋಡಬೇಕಾದ್ದು. 2013ರಿಂದ 2025ರವರೆಗೆ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ನಡೆಸಿದ ಪುರುಷರ ವಿಶ್ವಕಪ್ಪು, ಚಾಂಪಿಯನ್ಸ್ ಟ್ರೋಫಿಗಳಲ್ಲೆಲ್ಲ ಈ ಎರಡು ತಂಡಗಳು ಎದುರಾಗಿವೆ. ಗುಂಪು ಮಾಡುವಾಗಲೆಲ್ಲ ಇವೆರಡೂ ಒಟ್ಟಿಗೆ ಬೀಳುವುದು ಚೀಟಿಯ ಮಹಿಮೆಯೆ? ಅಲ್ಲ, ಜಾಹೀರಾತಿನ ಮಹಿಮೆ. ಪರಸ್ಪರರ ನೆಲ ತುಳಿಯುವುದಿಲ್ಲ, ಆದುದರಿಂದ ಮೂರನೆಯ ದೇಶದಲ್ಲಿ ಆಡಬೇಕೆಂದು 2024ರ ಡಿಸೆಂಬರಿನಲ್ಲಿ ಮಂಡಳಿಯೇ ವ್ಯವಸ್ಥೆ ಮಾಡಿತು. 2025ರ ಚಾಂಪಿಯನ್ಸ್ ಟ್ರೋಫಿ ಪಾಕಿಸ್ತಾನದಲ್ಲಿ, ಭಾರತದ ಪಂದ್ಯಗಳು ಮಾತ್ರ ದುಬೈಯಲ್ಲಿ.

2025ರ ಏಪ್ರಿಲಿನಲ್ಲಿ ಪಹಲ್ಗಾಮಿನಲ್ಲಿ 26 ಜನರ ಕೊಲೆಯಾಯಿತು. ಮೇ ತಿಂಗಳಲ್ಲಿ ಗಡಿಯಲ್ಲಿ ಕಾದಾಟ. ಸೆಪ್ಟೆಂಬರಿನಲ್ಲಿ ದುಬೈಯಲ್ಲಿ ಏಷ್ಯಾ ಕಪ್. ಆಟಗಾರರು ಕೈಕುಲುಕಲಿಲ್ಲ. ಫೈನಲ್ ಗೆದ್ದ ಭಾರತ ತಂಡ ಪಾಕಿಸ್ತಾನದ ಮಂತ್ರಿಯೂ ಆಗಿದ್ದ ಏಷ್ಯಾ ಮಂಡಳಿಯ ಮುಖ್ಯಸ್ಥರ ಕೈಯಿಂದ ಕಪ್ ತೆಗೆದುಕೊಳ್ಳಲಿಲ್ಲ. ಆದರೆ ಮೂರು ವಾರದೊಳಗೆ ಇದೇ ತಂಡಗಳು ಮೂರು ಸಲ ಆಡಿದವು! ಕೈಕುಲುಕಿದರೆ ದೇಶಕ್ಕೆ ಅಪಮಾನ, ಟಿಕೇಟು ಮಾರಿದರೆ ಅಪಮಾನವಿಲ್ಲ. ಆಡುವುದೇ ತಪ್ಪೆಂದರೆ ಆಡಬೇಡಿ, ಆ ಮಾತಿಗೆ ಒಂದು ಮರ್ಯಾದೆಯಿದೆ. ಆಡುವುದೇ ಆದರೆ ಆಟದ ನಡತೆಯಿಂದ ಆಡಿ, ಅದಕ್ಕೂ ಮರ್ಯಾದೆಯಿದೆ. ಹಗೆಯನ್ನೂ ಇಟ್ಟುಕೊಂಡು ಅದರಿಂದ ಹಣವನ್ನೂ ಮಾಡುವುದಕ್ಕೆ ವ್ಯಾಪಾರವೆನ್ನುತ್ತಾರೆಯೇ ಹೊರತು ದೇಶಪ್ರೇಮವೆನ್ನುವುದಿಲ್ಲ.

ಬೆಟ್ಟಿಂಗಿನವನಿಗಂತೂ ದೇಶವೇ ಇಲ್ಲ. 2000ದಲ್ಲಿ ಎರಡೂ ದೇಶಗಳ ಮಾಜಿ ನಾಯಕರ ಮೇಲೆ ಒಂದೇ ವರ್ಷ ಆಜೀವ ನಿಷೇಧ ಬಿತ್ತು. ಮುಂದೆ ನ್ಯಾಯಾಲಯಗಳು ಅವನ್ನು ತೆಗೆದುಹಾಕಿದವು. ಆದರೆ ಆಟದ ಸುತ್ತ ಎಂಥ ಹಣ ಓಡುತ್ತದೆಂಬುದು ಬಯಲಾಯಿತು. ಆ ಹಣದಲ್ಲಿ ಕೂಲಿಯವನ ವಾರದ ಸಂಬಳವೂ ಇದೆ, ಹೆಂಡತಿಗೆ ತಿಳಿಯದೆ ಅಡವಿಟ್ಟ ಉಂಗುರವೂ ಇದೆ. ಪಂದ್ಯದ ದಿನ ಬಾಜಿ ಕಟ್ಟುವವರು ಇದನ್ನು ನೆನಪಿಡಿ.

ನಮ್ಮ ಕೆಲಸ

2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಭಾರತ ಹತ್ತು ವಿಕೆಟ್ಟಿನಿಂದ ಸೋತಿತು. ಹನ್ನೊಂದು ಮಂದಿಯೂ ಸೋತರು. ಆದರೆ ಬೈಗುಳ ಬಿದ್ದದ್ದು ಮಹಮ್ಮದ್ ಶಮಿಯ ಮೇಲೆ, ಆತನ ಮತದ ಮೇಲೆ. ಅಬ್ಬಾಸ್ ಅಲಿ ಬೇಗರಿಗೆ ಅಂಚೆಯಲ್ಲಿ ಬಂದ ಕಾಗದವೇ ಅರವತ್ತು ವರ್ಷದ ಮೇಲೆ ಶಮಿಯ ಮೊಬೈಲಿಗೆ ಬಂತು. ಒಂದು ವ್ಯತ್ಯಾಸವಿತ್ತು. ಈ ಸಲ ತಂಡದ ನಾಯಕ ವಿರಾಟ್ ಕೊಹ್ಲಿ ಎಲ್ಲರ ಮುಂದೆ ನಿಂತು, ಮತದ ಹೆಸರಿನಲ್ಲಿ ಒಬ್ಬನನ್ನು ಹೀಗೆ ನಿಂದಿಸುವುದು ಅತ್ಯಂತ ಹೀನವೆಂದು ಖಂಡಿಸಿದರು. ಶಮಿಯನ್ನು ಬಿಟ್ಟುಕೊಡಲಿಲ್ಲ. ನಾಯುಡು ರೈಲಿನಲ್ಲಿ ಬ್ಯಾಟು ಹಿಡಿದು ನಿಂತದ್ದೂ ಇದೇ ಕೆಲಸಕ್ಕೆ.

ಮಿತ್ರರೆ, ಸಭೆಯ ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಈ ಚರಿತ್ರೆಯಲ್ಲೇ ಇದೆ. ಪೈಪೋಟಿ ಆಟದ್ದು, ಅದು ಬೇಕು. ಗೆದ್ದರೆ ಹಿಗ್ಗೋಣ, ಸೋತರೆ ರಾತ್ರಿ ಊಟ ಸೇರದಿರಲಿ, ತಪ್ಪೇನಿಲ್ಲ. ಆದರೆ ಹಗೆ ಆಟದ್ದಲ್ಲ. ಅದನ್ನು ಹೊರಗಿನಿಂದ ತಂದವರು ಓಟಿಗಾಗಿ ತಂದರು, ನೋಟಿಗಾಗಿ ತಂದರು. ಅದರ ಸಾಲ ತೀರಿಸುವವನು ಮಂಡಿ ಮೊಹಲ್ಲದಲ್ಲಿ ಬೀಡಿ ಕಟ್ಟುವವನು, ಉದಯಗಿರಿಯಿಂದ ಸೈಕಲ್ ತುಳಿದು ನಿಮ್ಮ ಪಾಳಿಗೆ ಬರುವವನು. ಅವನು ಸಂಘದ ಚಂದಾ ಕೊಡುವಾಗ ನಾವು ಅವನ ಮತ ಕೇಳಿದ್ದುಂಟೆ? ಮುಷ್ಕರದ ದಿನ ಗೇಟಿನ ಮುಂದೆ ನಿಂತಾಗ ದೇಶಭಕ್ತಿಯ ಪರೀಕ್ಷೆ ಮಾಡಿದ್ದುಂಟೆ? ಹಾಗಿದ್ದರೆ ಟಿ.ವಿ. ಮುಂದೆ ಮಾತ್ರ ಏಕೆ ಮಾಡಬೇಕು?

ಆದುದರಿಂದ ನಮ್ಮ ಸಲಹೆ ಸಣ್ಣದು, ಆದರೆ ಮಾಡಬಹುದಾದ್ದು. ಮುಂದಿನ ಪಂದ್ಯ ಬಂದಾಗ ಅಂಗಡಿಯವರು ಟಿ.ವಿ.ಯನ್ನು ಎಲ್ಲರಿಗೂ ಕಾಣುವಂತೆ ಇಡಿ. ಬಾಜಿ ಕಟ್ಟುವವನಿಗೆ ಅಲ್ಲಿ ಜಾಗ ಕೊಡಬೇಡಿ. ಪಕ್ಕದವನ ಮತ ಹಿಡಿದು ಯಾರಾದರೂ ಕುಟುಕಿದರೆ ಅಲ್ಲಿಯೇ, ಎಲ್ಲರಿಗೂ ಕೇಳುವಂತೆ, ‘ಬಾಯಿ ಮುಚ್ಚು, ಅವನು ನಮ್ಮವನು’ ಎಂದು ಹೇಳಿ. ಆ ಒಂದು ಮಾತನ್ನು ಕುಟುಕಿಸಿಕೊಂಡವನು ಹೇಳಲಾರ, ನಾವೇ ಹೇಳಬೇಕು. ಅಷ್ಟು ಮಾಡಿದರೆ, ದುಬೈಯಲ್ಲಿ ಯಾರು ಗೆದ್ದರೂ ನಮ್ಮ ಊರು ಸೋಲುವುದಿಲ್ಲ.